ಅಕ್ಷರದ ಅಳತೆ

ಬೆಳಕು ಹರಿಯುವ ಮೊದಲು ಅವಳು ಮುಗಿಸಬೇಕಾದ ಕೆಲಸಗಳು ಇಷ್ಟು. ನಲ್ಲಿಯಲ್ಲಿ ನೀರು ನಿಲ್ಲುವುದರೊಳಗೆ ಒಂದು ಡ್ರಮ್ಮು, ಐದು ಬಕೆಟ್ಟು ತುಂಬುವುದು. ರಾತ್ರಿಯ ಪಾತ್ರೆ ತಿಕ್ಕುವುದು. ಅತ್ತೆಗೆ ಸಕ್ಕರೆಯಿಲ್ಲದ ಚಹಾ, ಗಂಡನಿಗೆ ಎರಡು ಚಮಚ ಸಕ್ಕರೆಯ ಚಹಾ, ಭಾವನಿಗೆ ಚಹಾ ಅಲ್ಲ, ಕಾಫಿ. ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ ಕೊಡುವುದು, ಆರಿದ ಮೇಲೆ ಮತ್ತೆ ತುಂಬಿಸಿ ಕೊಡುವುದು. ತರಕಾರಿ ಹೆಚ್ಚುವುದು, ಬೇಯಿಸುವುದು, ಮೂರು ಡಬ್ಬಿ ತುಂಬುವುದು. ಗಂಡನ ಅಂಗಿಯ ಕಾಲರು ಉಜ್ಜಿ ನೆನೆಹಾಕುವುದು. ಕಾರ್ಖಾನೆಯಿಂದ ಪ್ಯಾನೆಲ್ ಸಾಗಿಸುವ ವಾರವಾದರೆ ಇವೆಲ್ಲದರ ಸಂದಿಯಲ್ಲಿ ಇನ್ನೊಂದು: ಒಲೆಯ ಪಕ್ಕದ ಕಟ್ಟೆಯ ಮೇಲೆ ಪ್ರಿಂಟರ್ ಇಟ್ಟುಕೊಂಡು ಇನ್ನೂರೋ ಮುನ್ನೂರೋ ಚೀಟಿ ಒತ್ತುವುದು.

ಮನೆಯಿಂದ ಬೆಳಗ್ಗೆ ಕೆಲಸಕ್ಕೆ ಹೊರಡುವವರು ಮೂವರು. ಅವಳ ಗಂಡ, ಗಂಡನ ಅಣ್ಣ, ಅವಳು. ಹೊರಗೆ ಹೋಗುವವಳು ಒಳಗಿನದನ್ನು ಮುಗಿಸಿ ಹೋಗಬೇಕು ಎನ್ನುವುದು ಮನೆಯ ಒಪ್ಪಂದ. ಉಳಿದಿಬ್ಬರಿಗೆ ಮುಗಿಸಲು ಒಳಗೆ ಏನೂ ಇಲ್ಲವಾದ್ದರಿಂದ ಅವರ ಜೊತೆ ಇಂಥ ಒಪ್ಪಂದದ ಅಗತ್ಯ ಬಿದ್ದಿರಲಿಲ್ಲ. ಓರಗಿತ್ತಿ ಮನೆಯಲ್ಲೇ ಇರುತ್ತಾಳೆ. ಹಗಲಿಡೀ ಹೊಲಿಗೆ ಯಂತ್ರ ತುಳಿಯುತ್ತಾಳೆ, ಅತ್ತೆಯನ್ನು ನೋಡಿಕೊಳ್ಳುತ್ತಾಳೆ, ಸಂಜೆಯ ಅಡುಗೆ ಅವಳದು. ಅದನ್ನೂ ಮನೆಯಲ್ಲಿ ಯಾರೂ ಕೆಲಸ ಎಂದು ಕರೆಯುವುದಿಲ್ಲ. ‘ಮನೇಲೇ ಇರ್ತಾಳೆ’ ಎನ್ನುತ್ತಾರೆ.

ಪ್ರಿಂಟರು ನೋಡುವುದಕ್ಕೆ ಹಳೆಯ ಕಾಲದ ದಪ್ಪ ಫೋನಿನಂತಿದೆ. ಹಳದಿ ಮೈ, ಬಿದ್ದರೂ ಒಡೆಯದಂತೆ ಮೂಲೆಗಳಿಗೆ ಕರಿ ರಬ್ಬರು, ಮೇಲೊಂದು ಪುಟ್ಟ ಪರದೆ, ಕೆಳಗೆ ಅಕ್ಷರದ ಗುಂಡಿಗಳು, ಬೆನ್ನಿನಲ್ಲಿ ಶಾಯಿಪಟ್ಟಿಯ ಕ್ಯಾಸೆಟ್ ಕೂರುವ ಗೂಡು. ಸಂಖ್ಯೆ ಒತ್ತಿದರೆ ಚಪ್ಪಟೆಯಾದ ಬಿಳಿ ಕೊಳವೆಯ ಮೇಲೆ ಕಪ್ಪು ಅಂಕಿ ಮೂಡಿ, ನಾಲಿಗೆ ಚಾಚಿದ ಹಾಗೆ ಹೊರಗೆ ಬರುತ್ತದೆ. ಬೆರಳಿನ ಉಗುರಿನಷ್ಟು ತುಂಡನ್ನು ತಂತಿಯ ತುದಿಗೆ ತೊಡಿಸಿ ಬಿಸಿಗಾಳಿ ಹಿಡಿದರೆ ಅದು ಮುದುಡಿ ತಂತಿಯ ಚರ್ಮವೇ ಆಗಿಬಿಡುತ್ತದೆ. ಆಮೇಲೆ ಚಾಕುವಿನಿಂದ ಸೀಳದೆ ತೆಗೆಯಲಾಗುವುದಿಲ್ಲ. ಕಾರ್ಖಾನೆಯಲ್ಲಿ ಇದನ್ನೂ ಚೀಟಿ ಎಂದೇ ಕರೆಯುತ್ತಾರೆ. ಅವಳನ್ನು ಚೀಟಿ ಅಕ್ಕ ಎನ್ನುತ್ತಾರೆ.

ಅಲ್ಲಿ ತಯಾರಾಗುವುದು ಪಂಪು, ಲಿಫ್ಟು, ಜನರೇಟರುಗಳನ್ನು ನಡೆಸುವ ಪ್ಯಾನೆಲ್‌ಗಳು. ಹೊರಗಿನಿಂದ ಬೀರುವಿನಂಥ ಕಬ್ಬಿಣದ ಪೆಟ್ಟಿಗೆ, ಒಳಗೆ ನೂರಾರು ತಂತಿ. ಪ್ರತಿ ತಂತಿಗೊಂದು ಸಂಖ್ಯೆ, ತಂತಿಯ ಎರಡೂ ತುದಿಗೆ ಅದೇ ಸಂಖ್ಯೆ. ಆ ಸಂಖ್ಯೆಯ ತಂತಿ ಆ ಸಂಖ್ಯೆಯ ತೂತಿಗೇ ಹೋಗಬೇಕು. ತಂತಿ ಜೋಡಿಸುವುದು ವೈರ್‌ಮನ್‌ಗಳ ಕೆಲಸ, ಸಂಖ್ಯೆ ಕೊಡುವುದು ಅವಳದು. ವೈರ್‌ಮನ್‌ಗಳ ಮೇಸ್ತ್ರಿ ಅವಳ ಭಾವ. ಹೊಸ್ತಿಲ ಈಚೆ ಭಾವ, ಆಚೆ ಮೇಸ್ತ್ರಿ. ಆರು ವರ್ಷದ ಹಿಂದೆ ಅವಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ.

“ನಮ್ಮನೇಲಿ ಇಬ್ರು ಎಲೆಕ್ಟ್ರಿಷಿಯನ್ನು,” ಎಂದು ಅವನು ಊಟದ ಬಿಡುವಿನಲ್ಲಿ ಹೇಳುವುದಿತ್ತು. “ನಾನು ಕರೆಂಟ್ ಹರಿಸ್ತೀನಿ. ಇವಳು ಅದಕ್ಕೆ ಹೆಸರಿಡ್ತಾಳೆ.”

“ನಾನು ಹೆಸರಿಡದೇ ಇದ್ರೆ ನಿಮ್ಮ ಕರೆಂಟು ದಾರಿ ತಪ್ಪಿ ಪಕ್ಕದ್ಮನೆಗೆ ಹೋಗುತ್ತೆ ಭಾವ,” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವನೂ.

ಅವನು ಒಳ್ಳೆಯ ಕೆಲಸಗಾರ. ಇಪ್ಪತ್ತೆರಡು ವರ್ಷದಲ್ಲಿ ಅವನು ಕಟ್ಟಿದ ಪ್ಯಾನೆಲ್‌ಗಳ ಒಳಗೆ ತಂತಿಗಳು ಬಾಚಿದ ತಲೆಗೂದಲಿನಂತೆ ಮಲಗಿರುತ್ತವೆ. ಅವಳನ್ನು ಬೈದವನಲ್ಲ, ಊಟಕ್ಕೆ ಕೂತಾಗ ಇನ್ನೊಂದು ಸಲ ಬಡಿಸು ಎಂದು ಕೇಳಲೂ ಸಂಕೋಚಪಡುವ ಮನುಷ್ಯ. ಲೋಟ ಖಾಲಿಯಾದರೆ ನೆಲಕ್ಕೆ ಮೆಲ್ಲಗೆ ಕುಟ್ಟುತ್ತಾನೆ, ಅಷ್ಟೆ.

ಕಳೆದ ವರ್ಷ ಒಂದು ಮಧ್ಯಾಹ್ನ ಅವನು ಒಂದು ಕೊಳವೆಯನ್ನು ಕಣ್ಣಿನ ಹತ್ತಿರ ತಂದು, ಆಮೇಲೆ ತೋಳಿನಷ್ಟು ದೂರ ಹಿಡಿದು, ಮತ್ತೆ ಹತ್ತಿರ ತಂದದ್ದನ್ನು ಅವಳು ನೋಡಿದಳು.

“ಏನಮ್ಮ, ನಿನ್ನ ಮಿಷನ್ನು ಮಸುಕು ಮಸುಕಾಗಿ ಹಾಕ್ತಿದೆಯಲ್ಲ.”

ಮಿಷನ್ನು ಸರಿಯಾಗಿತ್ತು. ಅವಳು “ಕ್ಯಾಸೆಟ್ ಹಳೇದು ಭಾವ, ಬದಲಾಯಿಸ್ತೀನಿ” ಎಂದಳು. ಆ ಸಂಜೆ ಪ್ರಿಂಟರಿನಲ್ಲಿ ‘ಅಕ್ಷರದ ಅಳತೆ’ ಎಂಬಲ್ಲಿಗೆ ಹೋಗಿ ಎರಡು ಇದ್ದದ್ದನ್ನು ಮೂರು ಮಾಡಿದಳು. ಅಳತೆ ಹೆಚ್ಚಿದರೆ ಅಗಲದ ಕೊಳವೆ ಬೇಕು. ಅಗಲದ ಕೊಳವೆ ಸಣ್ಣ ತಂತಿಗೆ ಸಡಿಲವಾಗುತ್ತದೆ, ಬಿಸಿಗಾಳಿಯನ್ನು ಎರಡು ಪಟ್ಟು ಹೊತ್ತು ಹಿಡಿಯಬೇಕು. ಅವಳು ಹಿಡಿದಳು. ಅಲ್ಲಿಗೇ ಬಿಡಲಿಲ್ಲ. ಚೀಟಿಗಳನ್ನು ಒಂದು, ಎರಡು, ಮೂರು ಎಂಬ ಲೆಕ್ಕದ ಸಾಲಿನಲ್ಲಿ ಒತ್ತುವುದನ್ನು ನಿಲ್ಲಿಸಿ, ಪ್ಯಾನೆಲ್ಲಿನ ಎಡಮೂಲೆಯಿಂದ ಬಲಕ್ಕೆ ಕೈ ಹೇಗೆ ಹೋಗುತ್ತದೋ ಅದೇ ಸಾಲಿನಲ್ಲಿ ಒತ್ತತೊಡಗಿದಳು. ಹಾಗೆ ಒತ್ತಲು ನಕ್ಷೆಯನ್ನು ಮೊದಲೇ ಓದಬೇಕು, ಕಾರ್ಖಾನೆಯಲ್ಲಿ ಅದಕ್ಕೆ ಹೊತ್ತಿಲ್ಲ. ಪ್ರಿಂಟರು ಮನೆಗೆ ಬರತೊಡಗಿದ್ದು ಆಗ.

ಪಟ್ಟಿಯಲ್ಲಿ ಮುಂದೆ ಬರುವ ಚೀಟಿಯೇ ಮುಂದಿನ ತಂತಿ ಎಂದಾದ ಮೇಲೆ ಮೇಸ್ತ್ರಿಗೆ ಓದುವ ಕೆಲಸ ಅರ್ಧ ಕಡಿಮೆಯಾಯಿತು. ಅವನ ಕೈ ಚುರುಕಾಯಿತು. “ವಯಸ್ಸಾದಷ್ಟೂ ಮೇಸ್ತ್ರಿ ಸ್ಪೀಡ್ ಆಗ್ತಿದಾರೆ, ನೋಡಿ ಕಲೀರಿ,” ಎಂದು ಮಾಲೀಕರು ಉಳಿದವರಿಗೆ ಹೇಳಿದರು. ಅವಳೂ ಅಲ್ಲೇ ನಿಂತಿದ್ದಳು.

ಭಾವ ಕನ್ನಡಕ ಹಾಕಿಕೊಳ್ಳಬಹುದಿತ್ತು. ಆದರೆ ಹಿಂದೆ ಒಬ್ಬ ವೈರ್‌ಮನ್ನು ಕನ್ನಡಕ ಹಾಕಿಕೊಂಡು ಬಂದ ತಿಂಗಳೇ ಅವನನ್ನು ಪ್ಯಾಕಿಂಗಿಗೆ ಹಾಕಿದ್ದರು. ಪೆಟ್ಟಿಗೆಗೆ ಮೊಳೆ ಹೊಡೆಯುತ್ತ ಅವನು ನಿವೃತ್ತನಾದ. ಆ ಮಾತು ಬಂದಾಗಲೆಲ್ಲ ಭಾವ ಲೋಟ ಕೆಳಗಿಟ್ಟು ಕೈ ತೊಳೆಯಲು ಏಳುತ್ತಿದ್ದ.

ಮನೆಯಲ್ಲಿ ಇನ್ನೊಂದು ನಡೆಯುತ್ತಿರುವುದು ಅವಳ ಗಮನಕ್ಕೆ ಬರಲು ಸ್ವಲ್ಪ ಕಾಲ ಹಿಡಿಯಿತು. ಓರಗಿತ್ತಿ ಪೇಪರಿನ ಸುದ್ದಿಗಳನ್ನು ತನಗಾಗಿ ಎಂಬಂತೆ ಗಟ್ಟಿಯಾಗಿ ಓದತೊಡಗಿದ್ದಳು. ಗಂಡನ ಮಾತ್ರೆಗಳನ್ನು ಹಾಳೆಯಿಂದ ಮೊದಲೇ ಬಿಡಿಸಿ ಬಟ್ಟಲಲ್ಲಿಡುತ್ತಿದ್ದಳು. ಕರೆಂಟ್ ಬಿಲ್ಲು ಬಂದರೆ ಅವನ ಕೈಗೆ ಹೋಗುವ ಮೊದಲೇ “ಈ ಸಲ ಇಷ್ಟು ಬಂದಿದೆ ನೋಡಿ” ಎನ್ನುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬನ ಎರಡು ಕಣ್ಣಿಗೆ ತಮ್ಮ ನಾಲ್ಕು ಕಣ್ಣು ಕೊಟ್ಟುಕೊಂಡು, ಆ ಬಗ್ಗೆ ಪರಸ್ಪರ ಒಂದು ಮಾತೂ ಆಡದೆ ವರ್ಷ ಕಳೆದರು.

ಈ ಸಲದ ಪ್ಯಾನೆಲ್ಲು ಒಂದು ಆಸ್ಪತ್ರೆಯ ನೀರಿನ ಪಂಪುಗಳದು. ಮಾಲೀಕರು ಅವಳನ್ನು ಕರೆದು, “ಟೆಸ್ಟಿಂಗ್ ಬೆಂಚಿನವನು ಕೆಲಸ ಬಿಡ್ತಿದಾನೆ. ಇದೊಂದು ಸುಸೂತ್ರವಾಗಿ ಹೋಗ್ಲಿ, ಆ ಜಾಗಕ್ಕೆ ನೀನೇ ಬಾಮ್ಮ. ನಕ್ಷೆ ಓದೋದಕ್ಕೆ ನಿನ್ನಷ್ಟು ಇಲ್ಲಿ ಯಾರಿಗೂ ಬರಲ್ಲ,” ಎಂದಿದ್ದರು. ಟೆಸ್ಟಿಂಗ್ ಬೆಂಚು ಎಂದರೆ ಕುರ್ಚಿ, ಮೀಟರು, ಸಹಿ ಹಾಕುವ ಅಧಿಕಾರ. ಮನೆಗೆ ಪ್ರಿಂಟರ್ ಒಯ್ಯುವ ಪಾಡಿಲ್ಲ. ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಗುವ ಮೊದಲೇ ಹೇಳಿದರೆ, ಸಂಬಳ ಎಷ್ಟು ಹೆಚ್ಚುತ್ತದೆ ಎಂಬಲ್ಲಿಂದ ಶುರುವಾಗಿ ಬೆಳಗಿನ ಡಬ್ಬಿ ಯಾರು ಕಟ್ಟುತ್ತಾರೆ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆಂದು ಗೊತ್ತಿತ್ತು.

ತೊಡಕೆಂದರೆ, ಈ ಪ್ಯಾನೆಲ್ಲಿಗೆ ಬಹಳ ತೆಳ್ಳನೆಯ ತಂತಿ. ಅದಕ್ಕೆ ತೆಳ್ಳನೆಯ ಕೊಳವೆಯೇ ಆಗಬೇಕೆಂದು ಕೊಳ್ಳುವವರು ಬರೆದು ಕೊಟ್ಟಿದ್ದರು. ಒಲೆಯ ಪಕ್ಕ ನಿಂತು ಅವಳು ಅಳತೆ ಮೂರು ಇಟ್ಟು ಒತ್ತಿ ನೋಡಿದಳು. ಅಂಕಿಗಳ ತಲೆ, ಕಾಲು ಎರಡೂ ಕತ್ತರಿಸಿ ಬಂದವು. ಎರಡಕ್ಕೆ ಇಳಿಸಬೇಕಾಯಿತು. ನಾಲ್ಕು ದಿನ ಬೆಳಗ್ಗೆ ಒತ್ತಿದ ಚೀಟಿಗಳು ಎಳ್ಳಿನ ಸಾಲಿನಂತಿದ್ದವು. “ಈ ಸಲ ಅಂಕಿ ಚಿಕ್ಕದಿದೆ ಭಾವ, ನಿಧಾನಕ್ಕೆ ಮಾಡಿ,” ಎಂದಳು. “ನಾನು ಕಾಣದ ಪ್ಯಾನೆಲ್ಲಾ?” ಎಂದ.

ಪರೀಕ್ಷೆಯ ದಿನ ಕೊಳ್ಳುವವರ ಕಡೆಯಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಟ್ಯಾಂಕು ಬರಿದಾಗಿದೆ ಎಂಬ ಸೂಚನೆ ಕೊಟ್ಟು ನೋಡಿದಳು. ಪಂಪು ಶುರುವಾಗುವ ದೀಪ ಹತ್ತಬೇಕಿತ್ತು. ಟ್ಯಾಂಕು ತುಂಬಿದೆ ಎಂಬ ದೀಪ ಹತ್ತಿತು. ಇನ್ನೊಮ್ಮೆ ನೋಡಿದರೂ ಅದೇ.

“ಆಸ್ಪತ್ರೇಲಿ ನೀರು ಖಾಲಿಯಾದಾಗ ನಿಮ್ಮ ಪ್ಯಾನೆಲ್ಲು ತುಂಬಿದೆ ಅಂತ ಹೇಳಿ ಆರಾಮಾಗಿ ಕೂತಿರುತ್ತೆ,” ಎಂದಳು ಹುಡುಗಿ. “ಎರಡು ವೈರು ಅದಲು ಬದಲಾಗಿದೆ.”

ಹುಡುಗಿಯ ಹಿಂದೆ ಅವಳು ಟಾರ್ಚು ಹಿಡಿದು ನಿಂತಿದ್ದಳು. ಬೆಳಕು ಬಿದ್ದ ಕಡೆ ಅವಳಿಗೆ ಸ್ಪಷ್ಟವಾಗಿ ಕಂಡಿತು: ನಲವತ್ತೊಂದು ಎಂಬ ತೂತಿನಲ್ಲಿ ನಲವತ್ತೇಳು ಎಂಬ ಚೀಟಿಯ ತಂತಿ, ನಲವತ್ತೇಳರಲ್ಲಿ ನಲವತ್ತೊಂದು. ಅಷ್ಟರಲ್ಲಿ ಮೇಸ್ತ್ರಿ ಕೈ ಹಾಕಿ ಎರಡನ್ನೂ ಸಡಿಲಿಸಿ ಹೊರಗೆಳೆದ. ಕಣ್ಣಿನ ಹತ್ತಿರ ಹಿಡಿದ. ದೂರ ಹಿಡಿದ.

“ಎರಡರ ಮೇಲೂ ನಲವತ್ತೊಂದು ಅಂತಲೇ ಇದೆಯಲ್ಲ ಸಾರ್. ಚೀಟಿ ಹೀಗೆ ಬಿದ್ರೆ ನಾನೇನು ಶಾಸ್ತ್ರ ಕೇಳಿ ಹಾಕ್ಲಾ?” ಎಂದ, ಪಕ್ಕದಲ್ಲಿದ್ದ ಮಾಲೀಕರತ್ತ ತಿರುಗಿ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೇ ಕಾಣುತ್ತಿತ್ತು. ಮಾಲೀಕರು ತಂತಿಗಳತ್ತ ನೋಡಲಿಲ್ಲ, ಅವಳತ್ತ ನೋಡಿದರು. ಇಪ್ಪತ್ತೆರಡು ವರ್ಷದ ಮೇಸ್ತ್ರಿಯ ಮಾತನ್ನು ಬಾಗಿ ನೋಡಿ ತಾಳೆ ಹಾಕುವುದು ಅವರಿಗೆ ಮರ್ಯಾದೆ ಎನ್ನಿಸಿರಲಿಕ್ಕಿಲ್ಲ. ಹುಡುಗಿಗೆ ಫೋನು ಬಂತು.

“ಯಾರದು ತಪ್ಪು ಅಂತ ನಿಮ್ಮಲ್ಲೇ ನೋಡ್ಕೊಳ್ಳಿ. ನಾಳೆ ಹತ್ತಕ್ಕೆ ಬರ್ತೀನಿ. ತಪ್ಪಿನ ಹಾಳೆ ತುಂಬಿ ಇಟ್ಟಿರಿ,” ಎಂದು ಹೊರಟಳು.

ತಪ್ಪಿನ ಹಾಳೆ ತುಂಬುವುದು ಅವಳ ಕೆಲಸ. ಕೈಬರಹ ಚೆನ್ನಾಗಿದೆ ಎಂಬ ಹೊಗಳಿಕೆಯ ಜೊತೆಗೆ ಅದು ಎಂದೋ ಅವಳ ಪಾಲಿಗೆ ಬಂದಿತ್ತು. ಹಾಳೆಯಲ್ಲಿ ಮೂರು ಚೌಕ: ನಕ್ಷೆಯ ತಪ್ಪು, ಚೀಟಿಯ ತಪ್ಪು, ಜೋಡಣೆಯ ತಪ್ಪು. ಜೋಡಣೆಯದಾದರೆ ವೈರ್‌ಮನ್ನು ಮತ್ತೆ ಪರೀಕ್ಷೆಗೆ ಕೂರಬೇಕು. ಕೈಯ ಪರೀಕ್ಷೆ, ಕಣ್ಣಿನ ಪರೀಕ್ಷೆ. ಚೀಟಿಯದಾದರೆ ಚೀಟಿ ಒತ್ತಿದವರು ಒಂದು ವರ್ಷ ಟೆಸ್ಟಿಂಗ್ ಬೆಂಚಿನ ಹತ್ತಿರ ಸುಳಿಯುವಂತಿಲ್ಲ. ಜೊತೆಗೆ, ಸೀಳಿ ತೆಗೆದ ಆ ತಪ್ಪು ಚೀಟಿಯನ್ನು ಸಾಕ್ಷಿಗಾಗಿ ಹಾಳೆಗೆ ಅಂಟಿಸಬೇಕು.

ಅವಳ ಹತ್ತಿರ ತಪ್ಪು ಚೀಟಿ ಇರಲಿಲ್ಲ. ತಪ್ಪನ್ನು ಒಪ್ಪಿಕೊಳ್ಳಬೇಕೆಂದರೆ ಮೊದಲು ಅದನ್ನು ತಯಾರಿಸಬೇಕಿತ್ತು.

ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪಿತ್ತು. ಭಾವ ಕೋಣೆಯಲ್ಲಿ ಮಲಗಿದ್ದ, ತಲೆನೋವಂತೆ. ಅತ್ತೆ ಮೊಣಕಾಲು ಒತ್ತಿಕೊಳ್ಳುತ್ತ ಕಾದಿದ್ದರು.

“ಏನೋ ಒಂದು ಅಂಕಿ ಹೆಚ್ಚುಕಮ್ಮಿ ಆಯ್ತಂತೆ. ಹೌದು ಅಂದುಬಿಡು. ನಿನ್ನ ಮೈಯೇನು ಸವೆಯುತ್ತಾ?”

“ಆಗಿಲ್ಲ ಅತ್ತೆ. ಅಂಕಿ ಸರಿಯಾಗೇ ಇದೆ.”

“ಸರಿಯಾಗಿದ್ರೆ ಇರ್ಲಿ. ಅವನು ಗಂಡಸು, ಇಷ್ಟು ವರ್ಷದ ಹೆಸರು. ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದು ಯಾರು, ಹೇಳು.”

ಗಂಡ ಟಿವಿಯಿಂದ ಮುಖ ತಿರುಗಿಸದೆ, “ನಿಂದೇನೇ, ಗುಂಡಿ ಒತ್ತೋ ಕೆಲಸ. ಇಲ್ಲಿಲ್ಲದಿದ್ರೆ ಇನ್ನೊಂದು ಕಡೆ ಒತ್ತಿದ್ರಾಯ್ತು. ಅಣ್ಣಂದು ಹಂಗಾ?” ಎಂದ. ಸ್ವಲ್ಪ ಬಿಟ್ಟು, “ನನ್ನ ನೀಲಿ ಅಂಗಿ ಎಲ್ಲಿ?” ಎಂದ.

“ಬಾಗಿಲ ಹಿಂದೆ.”

“ಇಲ್ಲ ಇಲ್ಲಿ.”

ಅವಳು ಹೋಗಿ ಬಾಗಿಲ ಹಿಂದಿನ ಗೂಟದಿಂದ ನೀಲಿ ಅಂಗಿ ತೆಗೆದು ಕೊಟ್ಟಳು. ಅವನ ಕಣ್ಣಿಗೆ ಏನೂ ಆಗಿರಲಿಲ್ಲ.

ಊಟದ ನಂತರ ಹಿತ್ತಲಲ್ಲಿ ಓರಗಿತ್ತಿ ಪಾತ್ರೆ ತಿಕ್ಕಿದಳು, ಅವಳು ತೊಳೆದು ಬೋರಲು ಹಾಕಿದಳು. ಬೆಳಗಿನ ಹೊರೆ ಸ್ವಲ್ಪ ಇಳಿಯಲಿ ಎಂದು ಓರಗಿತ್ತಿ ತಾನಾಗಿಯೇ ಕೂತಿದ್ದಳು.

“ನಿಂಗೆ ಯಾವಾಗಿಂದ ಗೊತ್ತು?” ಎಂದಳು ಓರಗಿತ್ತಿ.

“ಹೋದ ವರ್ಷದಿಂದ. ಅಕ್ಕ, ನಿಮಗೆ?”

“ಅದಕ್ಕೂ ಮುಂಚೆ. ನನ್ನ ಮುಖ ನೋಡಿ ಮಾತಾಡೋವಾಗ ಕಿವಿ ಕಡೆ ನೋಡೋಕೆ ಶುರು ಮಾಡಿದ್ರು. ನಾನು ಮೊದ್ಲು ಓಲೆ ನೋಡ್ತಿದಾರೆ ಅಂದ್ಕೊಂಡೆ, ಖುಷಿಯಾಯ್ತು.” ಅವಳು ಬೂದಿ ಹಚ್ಚಿದ ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡಳು. “ಎರಡು ಸಲ ಡಾಕ್ಟರ ಹತ್ರ ಚೀಟಿ ಮಾಡಿಸಿದೆ. ಎರಡು ಸಲಾನೂ ಬರ್ಲಿಲ್ಲ. ಒಂದು ಸಲ ನಾನೇ ಹೋಗಿ ಕೂತು ಬಂದೆ. ಏನಮ್ಮಾ ಕಣ್ಣಿಗೆ ಅಂದ್ರು. ಏನೂ ಇಲ್ಲ ಅಂದೆ.”

ಅವಳಿಗೆ ನಗು ಬಂತು. ಓರಗಿತ್ತಿಯೂ ನಕ್ಕಳು, ಶಬ್ದವಾಗದಂತೆ.

“ನಾನು ಏನು ಮಾಡ್ಲಿ ಅಕ್ಕ?”

ಓರಗಿತ್ತಿ ಬಾಣಲೆಯ ತಳ ತಿಕ್ಕತೊಡಗಿದಳು. “ಅವರು ನನ್ನ ಗಂಡ. ನನ್ನನ್ನ ಕೇಳ್ಬೇಡ,” ಎಂದಳು. ಬಾಣಲೆ ಈಚೆ ಕೊಡುವಾಗ, “ಕಾಣಲ್ಲ ಅಂತ ಗೊತ್ತಾಗದ ಹಾಗೆ ನೋಡ್ಕೊಂಡಿದ್ದು ನಾವೇ ಅಲ್ವಾ,” ಎಂದಳು. ಅದು ಪ್ರಶ್ನೆಯೋ ಅಲ್ಲವೋ ಎಂದು ತಿಳಿಯುವಂತಿರಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲು ಅವಳು ನೀರು ತುಂಬಿದಳು, ಚಹಾ ಮಾಡಿದಳು, ಅತ್ತೆಯ ಚೀಲ ಒಮ್ಮೆ ತುಂಬಿಸಿದಳು. ತರಕಾರಿ ಹೆಚ್ಚಲು ಕೂತವಳು ಎದ್ದು, ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಕಾರ್ಖಾನೆಯ ಬೀಗದ ಕೈ ತೆಗೆದುಕೊಂಡಳು. ಅದು ಮೇಸ್ತ್ರಿಯ ಬಳಿ ಇರುವ ಕೈ, ದಿನವೂ ಮೊದಲು ಹೋಗಿ ತೆರೆಯುವವನು ಅವನೇ. ಓರಗಿತ್ತಿ ಎದ್ದು ಬಂದಿದ್ದಳು. ಬೀಗದ ಕೈ ನೋಡಿದಳು, ಹೆಚ್ಚದೆ ಉಳಿದ ತರಕಾರಿ ನೋಡಿದಳು. ಚಾಕು ಎತ್ತಿಕೊಂಡು ಅದೇ ಜಾಗದಲ್ಲಿ ಕೂತಳು.

“ಡಬ್ಬಿ ನಾನು ತುಂಬ್ತೀನಿ. ಹೋಗು.”

ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಅವಳು ಒಂದೇ ಒಂದು ದೀಪ ಹಾಕಿದಳು. ಪ್ಯಾನೆಲ್ಲಿನ ಬಾಗಿಲು ತೆರೆದೇ ಇತ್ತು, ಎರಡು ತಂತಿಗಳು ನಿನ್ನೆ ಬಿಟ್ಟ ಹಾಗೆ ಹೊರಗೆ ಜೋತುಬಿದ್ದಿದ್ದವು. ಕೈಯಲ್ಲಿ ಹಿಡಿದು ಓದಿದಳು. 41. 47. ಏಳರ ತಲೆಯ ಗೆರೆ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಅದು ಕಾಣದಿದ್ದರೆ ಏಳು ಒಂದೇ ಆಗುತ್ತದೆ ಎಂಬುದೂ ಕಂಡಿತು.

ಮೇಜಿನ ಮುಂದೆ ಕೂತು ಪ್ರಿಂಟರು ಆನ್ ಮಾಡಿದಳು. ಕೊನೆಯ ಸಲದ ಅಳತೆಯೇ ಪರದೆಯ ಮೇಲೆ ಬಂತು: ಎರಡು. ನಾಲ್ಕು ಒತ್ತಿದಳು, ಒಂದು ಒತ್ತಿದಳು. ಇನ್ನೊಂದು ಗುಂಡಿ ಒತ್ತಿದರೆ ಎರಡನೆಯ ನಲವತ್ತೊಂದು ಹೊರಬರುತ್ತಿತ್ತು. ಅದನ್ನು ಬೇರೊಂದು ತಂತಿಯ ತುಂಡಿಗೆ ತೊಡಿಸಿ, ಬಿಸಿಗಾಳಿ ಹಿಡಿದು, ಸೀಳಿ ತೆಗೆದು ಹಾಳೆಗೆ ಅಂಟಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಸಂಜೆ ಮನೆಯಲ್ಲಿ ಯಾರಿಗೂ ತಲೆನೋವಿರುವುದಿಲ್ಲ. ಮುಂದಿನ ಪ್ಯಾನೆಲ್ಲಿಗೆ ಅವಳು ಮತ್ತೆ ಮೂರರ ಅಳತೆ ಇಡುತ್ತಾಳೆ, ಅದರ ಮುಂದಿನದಕ್ಕೆ ನಾಲ್ಕು ಬೇಕಾಗಬಹುದು. ಮತ್ತೊಂದು ತೆಳ್ಳನೆಯ ತಂತಿಯ ಪ್ಯಾನೆಲ್ಲು ಬಂದೇ ಬರುತ್ತದೆ.

ಅವಳ ಚೀಟಿಗಳನ್ನು ಓದುವವನು ಯಾರೆಂದು ಅವಳು ಕೆಲವೊಮ್ಮೆ ಯೋಚಿಸಿದ್ದುಂಟು. ಎಷ್ಟೋ ವರ್ಷದ ಮೇಲೆ ಪಂಪು ಕೆಟ್ಟಾಗ ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಪ್ಯಾನೆಲ್ಲಿನ ಬಾಗಿಲು ತೆರೆಯುವ ಯಾರೋ ಒಬ್ಬರು. ಅವರು ಅವಳನ್ನು ನೋಡಿರುವುದಿಲ್ಲ, ನೋಡುವುದೂ ಇಲ್ಲ. ಚೀಟಿಯಲ್ಲಿ ನಲವತ್ತೊಂದು ಎಂದಿದ್ದರೆ ನಲವತ್ತೊಂದೇ ಎಂದುಕೊಂಡು ಕೈ ಹಾಕುತ್ತಾರೆ. ಅವಳ ಮಾತನ್ನು ಎರಡನೆಯ ಸಲ ಕೇಳದೆ ನಂಬುವವರು ಅವರೊಬ್ಬರೇ.

ಅಳಿಸುವ ಗುಂಡಿಯನ್ನು ಎರಡು ಸಲ ಒತ್ತಿದಳು. ಪರದೆ ಖಾಲಿಯಾಯಿತು.

ಹಾಳೆ ಎಳೆದುಕೊಂಡು ಮೂರನೆಯ ಚೌಕದಲ್ಲಿ ಗುರುತು ಹಾಕಿದಳು. ಜೋಡಣೆಯ ತಪ್ಪು. ಕಾರಣ ಎಂಬಲ್ಲಿ ಎರಡೇ ಸಾಲಿನ ಜಾಗವಿತ್ತು. ಅಲ್ಲಿ ಅವಳು ಯಾವಾಗಲೂ ಸಣ್ಣಗೆ, ಒತ್ತೊತ್ತಾಗಿ ಬರೆಯುತ್ತಿದ್ದಳು. ಇವತ್ತು ಸಣ್ಣ ಪೆನ್ನು ಬದಿಗಿಟ್ಟು, ಪೆಟ್ಟಿಗೆಗಳ ಮೇಲೆ ಬರೆಯುವ ಕಪ್ಪು ಮಾರ್ಕರ್ ತೆಗೆದುಕೊಂಡಳು. ಎರಡು ಸಾಲು ಸಾಲದೆ ಬರಹ ಕೆಳಗಿನ ಖಾಲಿ ಜಾಗಕ್ಕೂ, ತಪ್ಪು ಚೀಟಿ ಅಂಟಿಸಬೇಕಿದ್ದ ಚೌಕಕ್ಕೂ ಇಳಿಯಿತು. ‘ಚೀಟಿ ಸರಿ ಇದೆ. ಅಕ್ಷರದ ಅಳತೆ ಎರಡು. ಮೇಸ್ತ್ರಿಗೆ ಒಂದು ವರ್ಷದಿಂದ ಮೂರು ಬೇಕಾಗಿದೆ. ಕಣ್ಣು ತೋರಿಸಬೇಕು.’

ಕೆಳಗೆ ತನ್ನ ಸಹಿ ಹಾಕಿದಳು. ಹಾಳೆಯನ್ನು ಒಯ್ದು ಪ್ಯಾನೆಲ್ಲಿನ ಬಾಗಿಲಿಗೆ, ನಿಂತವರ ಕಣ್ಣಿನ ಎತ್ತರಕ್ಕೆ ಅಂಟಿಸಿದಳು. ಆಮೇಲೆ ಒಂದು ತೋಳಿನಷ್ಟು ಹಿಂದೆ ಸರಿದು, ಕಣ್ಣನ್ನು ಅರ್ಧ ಮುಚ್ಚಿ, ಭಾವ ಯಾರನ್ನೂ ಕೇಳದೆ ತಾನೇ ಓದಿಕೊಳ್ಳಬಹುದೇ ಎಂದು ನೋಡಿದಳು. ಓದಬಹುದಿತ್ತು.